ಹಾರ್ಡ್ ಡಿಸ್ಕ್ ಕೈಕೊಟ್ಟರೆ ರಿಪೇರಿ ಆಮೇಲೆ, ನಕಲು ಮೊದಲು

ಚನ್ನಪಟ್ಟಣದ ನಮ್ಮ ಮನೇಲಿ ಅಕ್ಕನ ಮದುವೆ ವಿಡಿಯೊ ಇದ್ದದ್ದು ಒಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಈಗಿಲ್ಲದ ಅಜ್ಜಿ ಹಾಡಿದ ಸೋಬಾನೆ ಪದವೂ ಅದರಲ್ಲೇ. ಮೊನ್ನೆ ಹಾಕಿದರೆ, ‘ಫಾರ್ಮ್ಯಾಟ್ ಮಾಡಬೇಕೆ?’ ಅಂತ ಕಂಪ್ಯೂಟರ್ ಕೇಳಿತು. ‘ಹ್ಞೂಂ ಒತ್ತಪ್ಪ, ಸರಿಹೋಗ್ಬೋದು’ ಅಂದ್ರು ಅಮ್ಮ.

ನಾನು ಒತ್ತಲಿಲ್ಲ. ನೀವೂ ಒತ್ತಬೇಡಿ.

ಮೊದಲು ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ ನೋಡಿ. ಯುಎಸ್‌ಬಿ 2.0 ನಿಯಮದಂತೆ ಕೊಡುವುದು 500 ಮಿಲಿಆಂಪ್, 3.0 ಆದರೆ 900. ಕರೆಂಟ್ ಸಾಲದಿದ್ದರೂ ಡಿಸ್ಕ್ ತೊದಲುತ್ತದೆ.

ಆಮೇಲೆ ಕಿವಿಗೊಡಿ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ಹೆಡ್ ಅದಕ್ಕೆ ತಾಗದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ‘ಟಿಕ್ ಟಿಕ್’ ಸದ್ದು ಬಂದರೆ ಹೆಡ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ತಕ್ಷಣ ತೆಗೆದು, ಡೇಟಾ ರಿಕವರಿ ಮಾಡುವವರಿಗೆ ಕೊಡಿ. ಮನೇಲಿ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು.

ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ಸೆಕ್ಟರ್‌ಗಳು ಹಾಳಾಗುತ್ತಿರಬಹುದು. ಆಗ ವಿಂಡೋಸಿನ ಚೆಕ್‌ಡಿಸ್ಕ್ ರಿಪೇರಿಗೆ ಕೈಹಾಕಬೇಡಿ, ಅದು ಸೋತ ಡಿಸ್ಕಿನ ಮೇಲೇ ಬರೆಯುತ್ತದೆ. ಲಿನಕ್ಸಿನಲ್ಲಿ ಉಚಿತವಾಗಿ ಸಿಗುವ ಡಿಡಿರೆಸ್ಕ್ಯೂ ಹಾಗಲ್ಲ; ಚೆನ್ನಾಗಿರುವ ಭಾಗವನ್ನು ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ.

ರಾಮನಗರ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತರಿಗೆ ಇದು ಗೊತ್ತು: ತಡಮಾಡಿದರೆ ಚಿಟ್ಟೆ ಗೂಡು ತೂತು ಮಾಡಿ ಬರುತ್ತದೆ, ನೂಲು ತುಂಡಾಗುತ್ತದೆ. ಡಿಸ್ಕಿಗೂ ಅದೇ ಆತುರ ಬೇಕು.

ನಮ್ಮದಕ್ಕೆ ಇಡೀ ರಾತ್ರಿ ಹಿಡಿಯಿತು. ಧಾರೆಯ ದೃಶ್ಯ ಹೋಯಿತು, ಅಜ್ಜಿಯ ಹಾಡು ಸಿಕ್ಕಿತು. ಈಗ ಒಂದು ಪ್ರತಿ ನಮ್ಮಲ್ಲಿ, ಇನ್ನೊಂದು ಕನಕಪುರದ ಅಕ್ಕನ ಮನೇಲಿ.