ಬೆನ್ನಿಗೆ ತಕ್ಕ ಆಸನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಅಡಕೆಯ ಕೊಯ್ಲು ಆರಂಭವಾಯಿತೆಂದರೆ ಮನೆಮನೆಯ ಜಗಲಿಯಲ್ಲಿಯೂ ಸುಲಿಯುವವರ ಸಾಲು ಕಾಣುವುದುಂಟು. ಸುಲಿಯುವ ಯಂತ್ರಗಳು ಈಗ ಬಂದಿವೆಯಾದರೂ ಮೆಟ್ಟುಗತ್ತಿ ಇನ್ನೂ ಮೂಲೆ ಸೇರಿಲ್ಲ. ತಗ್ಗಾದ ಮಣೆಯ ಮೇಲೆ ಕುಳಿತು, ಮುಂದಕ್ಕೆ ಬಾಗಿ, ಒಂದೊಂದೇ ಕಾಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವ ಈ ಕೆಲಸವು ಗಂಟೆಗಟ್ಟಲೆ ಸಾಗುತ್ತದೆ. ಕೈಗಿಂತ ಮೊದಲು ಸೊಂಟ ದಣಿಯುತ್ತದೆಂಬುದು ಅನೇಕರ ಅನುಭವ.

2020ರ ಮಾರ್ಚ್ ತಿಂಗಳಲ್ಲಿ ದೇಶದಲ್ಲೆಲ್ಲ ಲಾಕ್‌ಡೌನ್ ವಿಧಿಸಲ್ಪಟ್ಟಾಗ ಇದೇ ಜಗಲಿಗಳಿಗೆ ಇನ್ನೊಂದು ಬಗೆಯ ಕುಳಿತ ಕೆಲಸವು ಬಂದಿತು. ಬೆಂಗಳೂರಿನಿಂದ ಹಿಂದಿರುಗಿದ ತರುಣರು ಸಿಕ್ಕ ಮೇಜು, ಪ್ಲಾಸ್ಟಿಕ್ ಕುರ್ಚಿಗಳನ್ನೇ ಕಚೇರಿಯಾಗಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರು. ಕೆಲಸ ಬೇರೆ, ಸಂಪಾದನೆ ಬೇರೆ. ನೋವು ಮಾತ್ರ ಅದೇ ಸೊಂಟದಲ್ಲಿ. ಇದಕ್ಕೆ ಕಾರಣವೇನು? ಒಳ್ಳೆಯ ಕುರ್ಚಿ ಎಂದರೆ ಯಾವುದು? ತರಗತಿಯಲ್ಲಿ ಕಲಿತ ಸನ್ನೆಯ ನಿಯಮವನ್ನು ಇಲ್ಲಿ ನೆನೆಯೋಣ.

ನಾವು ನಿಂತಾಗ ಬೆನ್ನುಮೂಳೆಯು ಸೊಂಟದ ಬಳಿ ತುಸು ಒಳಕ್ಕೆ ಬಾಗಿರುತ್ತದೆ. ತಗ್ಗಿನ ಆಸನದಲ್ಲಿ ಕುಳಿತೊಡನೆ ಮೊಣಕಾಲುಗಳು ಮೇಲೇರಿ, ಕಟಿಯ ಎಲುಬು ಹಿಂದಕ್ಕೆ ಹೊರಳಿ, ಆ ಒಳಬಾಗು ಅಳಿದು ಬೆನ್ನು ಗೂನಾಗುತ್ತದೆ. ಆಗ ಮೈಯ ಭಾರವು ಮುಂದಕ್ಕೆ ಸರಿಯುತ್ತದೆ. ಇದರ ಫಲವನ್ನು ತಲೆಯ ಉದಾಹರಣೆಯಿಂದ ತಿಳಿಯಬಹುದು. ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಕತ್ತಿನ ಕೀಲನ್ನು ಸನ್ನೆಯ ಆಧಾರಬಿಂದುವೆಂದೂ, ಹಿಂಬದಿಯ ಸ್ನಾಯುಗಳು ಅದರಿಂದ 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆಂದೂ ಲೆಕ್ಕಕ್ಕಾಗಿ ಭಾವಿಸಿರಿ. ತಲೆಯ ಗುರುತ್ವಕೇಂದ್ರವು ಕೀಲಿಗಿಂತ 2 ಸೆ.ಮೀ. ಮುಂದಿದ್ದರೆ 2 ಕಿಲೋಗ್ರಾಂ ತೂಕದಷ್ಟು ಎಳೆತ ಸಾಕು. ತಲೆ ಬಾಗಿ ಅದು 8 ಸೆ.ಮೀ. ಮುಂದೆ ಹೋದರೆ 8 ಕಿಲೋಗ್ರಾಂ ತೂಕದಷ್ಟು ಎಳೆಯಬೇಕು. ಕೀಲಿನ ಮೇಲೆ ಬೀಳುವುದು ತಲೆಯ ಭಾರ ಮತ್ತು ಸ್ನಾಯುಗಳ ಎಳೆತ ಇವೆರಡರ ಮೊತ್ತ. ಅದು 7ರಿಂದ 13ಕ್ಕೆ ಏರಿತು. ತಲೆಯಾದರೋ ಅದೇ 5 ಕಿಲೋಗ್ರಾಂ!

ಸೊಂಟದಲ್ಲಿಯೂ ಹೀಗೆಯೇ. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತನೆಯ ಬಿಲ್ಲೆಯೊಂದರಲ್ಲಿ ಒತ್ತಡಮಾಪಕವನ್ನಿಟ್ಟು ಅಳೆದರು. ನಿಂತಾಗ ಒತ್ತಡವು 0.5 ಮೆಗಾಪ್ಯಾಸ್ಕಲ್, ಕುಳಿತು ಪೂರ್ತಿಯಾಗಿ ಮುಂದಕ್ಕೆ ಬಾಗಿದಾಗ 0.83, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೈ ಸಡಿಲಿಸಿದಾಗ 0.27. ಒಬ್ಬನೇ ವ್ಯಕ್ತಿಯ ಅಳತೆಗಳಾದರೂ ಇವು ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ: ಒರಗು ಕೇವಲ ಅಲಂಕಾರವಲ್ಲ, ಅದು ಮೈಯ ಭಾರದಲ್ಲಿ ಒಂದು ಪಾಲನ್ನು ಹೊರುತ್ತದೆ.

ಇನ್ನು ಹೊಂದಿಸುವ ಕ್ರಮ. ಪಾದಗಳು ನೆಲಕ್ಕೆ ಪೂರ್ತಿ ತಾಗಿ ತೊಡೆಗಳು ಸಮತಲವಾಗಿರುವಷ್ಟು ಆಸನದ ಎತ್ತರವಿರಲಿ. 160 ಸೆ.ಮೀ. ಎತ್ತರದ ವಿದ್ಯಾರ್ಥಿಗೆ ಇದು ಸುಮಾರು 40 ಸೆ.ಮೀ. ಆಗುತ್ತದೆ. ಮೊಣಕೈಯು ಆಸನಕ್ಕಿಂತ ಸುಮಾರು 23 ಸೆ.ಮೀ. ಮೇಲಿರುವುದರಿಂದ ಮೇಜು 63 ಸೆ.ಮೀ. ಇದ್ದರೆ ಚೆನ್ನ. ಆದರೆ ಅಂಗಡಿಯ ಮೇಜುಗಳು ಸಾಮಾನ್ಯವಾಗಿ 75 ಸೆ.ಮೀ. ಎತ್ತರವಿರುತ್ತವೆ! ಆಗ ಕುರ್ಚಿಯನ್ನು 12 ಸೆ.ಮೀ. ಏರಿಸಿ, ಪಾದಗಳ ಕೆಳಗೆ ಅಷ್ಟೇ ಎತ್ತರದ ಮಣೆಯನ್ನಿಡಿರಿ. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ಮೂರು ನಾಲ್ಕು ಬೆರಳಿನ ಅಂತರವಿರಲಿ. ಒರಗಿನ ಉಬ್ಬು ಸೊಂಟದ ಒಳಬಾಗಿಗೆ ಸರಿಯಾಗಿ ತಾಗಬೇಕು. ಉಬ್ಬಿಲ್ಲದಿದ್ದರೆ ಸುರುಳಿ ಸುತ್ತಿದ ಟವೆಲು ಸಾಕು. ಒರಗು ನೆಟ್ಟಗಿರದೆ ತುಸು ಹಿಂದಕ್ಕೆ ವಾಲಿರಲಿ. ಕಂಪ್ಯೂಟರಿನ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿದ್ದರೆ ತಲೆ ಬಾಗದು. ಮೆಟ್ಟುಗತ್ತಿಗೂ ಇದೇ ನ್ಯಾಯ ಸಲ್ಲುತ್ತದೆ. ಆಸನವೊಂದನ್ನೇ ಏರಿಸಿದರೆ ಬೆನ್ನು ಇನ್ನಷ್ಟು ಬಾಗುವುದು. ಆಸನವನ್ನೂ ಅಲಗನ್ನೂ ಒಟ್ಟಿಗೆ ಏರಿಸಬೇಕು.

ತಿರುಗುಕುರ್ಚಿಯನ್ನು ಕೊಳ್ಳುವವರು ಅದರ ಕಾಲುಗಳನ್ನು ಎಣಿಸಲಿ. ಗುರುತ್ವಕೇಂದ್ರದ ಲಂಬರೇಖೆಯು ಕಾಲುಗಳ ತುದಿಗಳನ್ನು ಸೇರಿಸಿದ ಆಕೃತಿಯೊಳಗೆ ಬಿದ್ದರೆ ಕುರ್ಚಿ ಉರುಳದು. 30 ಸೆ.ಮೀ. ಉದ್ದದ ನಾಲ್ಕು ಕಾಲುಗಳಿದ್ದರೆ ನಡುವಿನಿಂದ ಆ ಚೌಕದ ಅಂಚಿಗೆ ಸುಮಾರು 21 ಸೆ.ಮೀ.; ಐದು ಕಾಲುಗಳಿದ್ದರೆ ಪಂಚಭುಜದ ಅಂಚಿಗೆ ಸುಮಾರು 24 ಸೆ.ಮೀ. ಐದು ಕಾಲಿನದೇ ಲೇಸೆಂದು ಇದರಿಂದ ತಿಳಿಯುತ್ತದೆ.

ಆದರೆ ಎಂತಹ ಉತ್ತಮ ಕುರ್ಚಿಯಲ್ಲಿಯೂ ಕದಲದೆ ಕುಳಿತಿರುವುದು ಹಿತವಲ್ಲ. ಬೆನ್ನುಮೂಳೆಯ ಬಿಲ್ಲೆಗಳಲ್ಲಿ ರಕ್ತನಾಳಗಳು ಬಹುಮಟ್ಟಿಗೆ ಇಲ್ಲ. ಅವುಗಳ ಪೋಷಣೆಯು ಸುತ್ತಣ ಅಂಗಾಂಶದಿಂದ ಒಸರುವ ದ್ರವದಿಂದಲೇ ಆಗಬೇಕು. ಒತ್ತಡವು ಏರಿಳಿದಂತೆ ಆ ದ್ರವವು ಹೊರಬಂದು ಒಳಸೇರುತ್ತದೆ. ಆದುದರಿಂದ ಅರ್ಧಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ; ಓದು ಅದರಿಂದ ಕೆಡುವುದಿಲ್ಲ.