ದ್ವೀಪವನ್ನು ಆರಿಸುವ ಮುನ್ನ

ರಜೆಯ ದಿನಗಳಲ್ಲಿ ಕಡಲ ನಡುವಿನ ದ್ವೀಪವೊಂದಕ್ಕೆ ಹೋಗಿಬರಬೇಕೆಂಬ ಆಸೆ ಅನೇಕರಲ್ಲಿ ಉಂಟು. ಬಿಳಿಯ ಮರಳು, ನೀರಿನತ್ತ ಬಾಗಿದ ತೆಂಗಿನ ಮರಗಳು, ಪಚ್ಚೆಯ ಬಣ್ಣದ ತಿಳಿನೀರು ಇವುಗಳ ಚಿತ್ರವನ್ನು ಕಂಡವರಿಗೆ ಉಷ್ಣವಲಯದ ದ್ವೀಪಗಳೆಲ್ಲವೂ ಒಂದೇ ಬಗೆಯವು ಎಂದು ತೋರುವುದು ಸಹಜ. ಆದುದರಿಂದ ಹೆಚ್ಚಿನವರು ಪ್ರಯಾಣದ ವೆಚ್ಚ, ವಸತಿಯ ಅನುಕೂಲ ಇವೆರಡನ್ನು ಮಾತ್ರ ವಿಚಾರಿಸಿ ತೀರ್ಮಾನಕ್ಕೆ ಬರುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ದ್ವೀಪ ಹುಟ್ಟಿದುದು ಹೇಗೆ? ಅಲ್ಲಿ ಕುಡಿಯುವ ನೀರು ಎಷ್ಟಿದೆ, ಬೆಳೆಯುವುದೇನು, ಎಷ್ಟು ಜನರ ಭಾರವನ್ನು ಅದು ತಾಳಬಲ್ಲದು ಎಂಬುದೆಲ್ಲವೂ ಬಹುಮಟ್ಟಿಗೆ ಈ ಒಂದು ಸಂಗತಿಯನ್ನೇ ಅವಲಂಬಿಸಿವೆ.

ಭಾರತಕ್ಕೆ ಸೇರಿದ ಎರಡು ದ್ವೀಪಸ್ತೋಮಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬಂಗಾಳ ಕೊಲ್ಲಿಯಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿವೆ. ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪವಿದೆ. ಎರಡೂ ಭೂಮಧ್ಯರೇಖೆಯ ಉತ್ತರಕ್ಕೆ ಹೆಚ್ಚುಕಡಿಮೆ ಒಂದೇ ಅಕ್ಷಾಂಶಗಳಲ್ಲಿ ಹರಡಿವೆ. ಎರಡೂ ಕೇಂದ್ರಾಡಳಿತ ಪ್ರದೇಶಗಳು. ಹೋಲಿಕೆ ಬಹುತೇಕ ಅಲ್ಲಿಗೆ ಮುಗಿಯಿತು. ಅಂಡಮಾನ್ ನಿಕೋಬಾರ್ ದ್ವೀಪಗಳ ವಿಸ್ತೀರ್ಣ 8,249 ಚದರ ಕಿಲೋಮೀಟರ್. ಲಕ್ಷದ್ವೀಪದ ಮೂವತ್ತಾರು ದ್ವೀಪಗಳನ್ನು ಒಟ್ಟುಗೂಡಿಸಿದರೂ ದೊರೆಯುವ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ.

ಅಂಡಮಾನ್ ದ್ವೀಪಗಳು ನಿಜವಾಗಿ ಮುಳುಗಿದ ಬೆಟ್ಟಗಳ ತುದಿಗಳು. ಮ್ಯಾನ್ಮಾರ್ ದೇಶದ ಅರಕಾನ್ ಯೋಮ ಪರ್ವತಶ್ರೇಣಿಯು ದಕ್ಷಿಣಕ್ಕೆ ಸಾಗಿ ಸಮುದ್ರದೊಳಗೆ ಇಳಿಯುತ್ತದೆ. ನೀರಿನಿಂದ ಮೇಲೆ ತಲೆಯೆತ್ತಿರುವ ಅದರ ಭಾಗಗಳೇ ಈ ದ್ವೀಪಗಳು. ಉತ್ತರ ಅಂಡಮಾನಿನ ಸ್ಯಾಡಲ್ ಪೀಕ್ ಎಂಬ ಶಿಖರವು 732 ಮೀಟರ್ ಎತ್ತರವಾಗಿದೆ. ಬೆಟ್ಟವಿದ್ದಲ್ಲಿ ಮಣ್ಣು, ಮಣ್ಣಿದ್ದಲ್ಲಿ ಕಾಡು, ಕಾಡಿದ್ದಲ್ಲಿ ತೊರೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಈ ನೆಲದ ಹತ್ತರಲ್ಲಿ ಎಂಟು ಪಾಲು ಇಂದಿಗೂ ದಟ್ಟವಾದ ಕಾಡು. ಆದರೆ ಬೆಟ್ಟಗಳನ್ನು ಎತ್ತಿದ ಶಕ್ತಿ ಇನ್ನೂ ಅಡಗಿಲ್ಲ. ಭಾರತದ ಭೂಫಲಕವು ಈ ದ್ವೀಪಗಳ ಅಡಿಯಲ್ಲಿ ನಿಧಾನವಾಗಿ ನುಗ್ಗುತ್ತಲೇ ಇದೆ. ನಮ್ಮ ದೇಶದ ಏಕೈಕ ಜೀವಂತ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪ ಇಲ್ಲಿಯೇ ಇದೆ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಬೆಂಕಿಯುಗುಳಿತು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಗ್ರೇಟ್ ನಿಕೋಬಾರಿನ ದಕ್ಷಿಣದ ತುದಿ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಅಲ್ಲಿನ ದೀಪಸ್ತಂಭದ ಬುಡವನ್ನು ಸಮುದ್ರ ಆವರಿಸಿತು. ಉತ್ತರ ಅಂಡಮಾನಿನಲ್ಲಾದರೋ ನೆಲವೇ ಮೇಲೆದ್ದು, ನೀರೊಳಗಿದ್ದ ಹವಳದ ದಿಬ್ಬಗಳು ಬಿಸಿಲಿಗೆ ಬಂದವು.

ಲಕ್ಷದ್ವೀಪದ ಕಥೆಯೇ ಬೇರೆ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ತೊರೆಯೂ ಇಲ್ಲ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿರುವ ಆ ನೆಲವನ್ನು ಕಟ್ಟಿದವು ಸಾಸಿವೆಯಿಂದ ಕಡಲೆಯ ಗಾತ್ರದವರೆಗಿನ ಹವಳದ ಜೀವಿಗಳು. ಇವು ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡನ್ನು ಕಟ್ಟಿಕೊಳ್ಳುತ್ತವೆ. ಒಂದು ಪೀಳಿಗೆ ಅಳಿದ ಮೇಲೆ ಅದರ ಗೂಡಿನ ಮೇಲೆ ಮುಂದಿನ ಪೀಳಿಗೆ ನೆಲೆಸುತ್ತದೆ. ಬೆಚ್ಚಗಿನ, ತಿಳಿಯಾದ, ಬಿಸಿಲು ತಲಪುವ ನೀರಿನಲ್ಲಿ ಮಾತ್ರ ಈ ಕೆಲಸ ಸಾಗುತ್ತದೆ. ಹಾಗಿದ್ದ ಮೇಲೆ ಆಳವಾದ ನಡುಗಡಲಿನಲ್ಲಿ ಬಳೆಯಾಕಾರದ ಹವಳದ ದಿಬ್ಬಗಳು ಎದ್ದುದು ಹೇಗೆ? ಬೀಗಲ್ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತಿಬಂದ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಇದಕ್ಕೆ ಉತ್ತರ ಕೊಟ್ಟನು. ಮೊದಲು ಜ್ವಾಲಾಮುಖಿಯೊಂದು ಕಡಲಿನಿಂದ ಮೇಲೇಳುತ್ತದೆ. ಅದರ ಅಂಚಿನಲ್ಲಿ ಹವಳ ಬೆಳೆಯುತ್ತದೆ. ಬೆಟ್ಟವು ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕುಸಿಯುತ್ತಿದ್ದಂತೆ ಹವಳವು ಬೆಳಕನ್ನರಸುತ್ತ ಅಷ್ಟೇ ವೇಗದಲ್ಲಿ ಮೇಲಕ್ಕೆ ಬೆಳೆಯುತ್ತದೆ. ಕೊನೆಗೆ ಬೆಟ್ಟ ಮಾಯವಾಗಿ, ಅದರ ಸುತ್ತಳತೆಯ ಹವಳದ ಬಳೆ ಮಾತ್ರ ಉಳಿಯುತ್ತದೆ. ಡಾರ್ವಿನ್ನನ ಮಾತು ಬಹುಕಾಲ ಊಹೆಯಾಗಿಯೇ ಇತ್ತು. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ಎಂಬಲ್ಲಿ ಹವಳದ ದಿಬ್ಬವನ್ನು ಕೊರೆದಾಗ 1,200 ಮೀಟರಿಗೂ ಹೆಚ್ಚು ಆಳದಲ್ಲಿ ಜ್ವಾಲಾಮುಖಿಯ ಶಿಲೆ ಸಿಕ್ಕಿತು.

ಈ ಬಳೆಯೊಳಗಿನ ಆಳವಿಲ್ಲದ ಹಿನ್ನೀರೇ ಚಿತ್ರಗಳಲ್ಲಿ ಕಾಣುವ ಪಚ್ಚೆಯ ಬಣ್ಣದ ನೀರು. ಹವಳದ ಚೂರು, ಚಿಪ್ಪುಗಳ ಪುಡಿ, ಗಿಳಿಯ ಕೊಕ್ಕಿನಂತಹ ಬಾಯುಳ್ಳ ಮೀನುಗಳು ಹವಳವನ್ನು ಕಡಿದು ಹೊರಹಾಕುವ ನುಣುಪಾದ ಹುಡಿ ಇವೆಲ್ಲ ಅಲೆಗಳಿಂದ ರಾಶಿಯಾಗಿ ನೆಲವಾಗಿದೆ. ಬಹುತೇಕ ದ್ವೀಪಗಳಲ್ಲಿ ಹಿನ್ನೀರು ಪಶ್ಚಿಮಕ್ಕೂ ನೆಲ ಪೂರ್ವಕ್ಕೂ ಇರುತ್ತದೆ. ದೊಡ್ಡದೆನಿಸಿದ ಆಂಡ್ರೋತ್ ದ್ವೀಪವೂ ಐದು ಚದರ ಕಿಲೋಮೀಟರನ್ನು ಮುಟ್ಟುವುದಿಲ್ಲ. ಅದಕ್ಕೆ ಹಿನ್ನೀರೂ ಇಲ್ಲವೆನ್ನಬಹುದು. ಬಿತ್ರಾ ದ್ವೀಪದಲ್ಲಿ 2011ರ ಜನಗಣತಿಯಂತೆ ಇದ್ದವರು 271 ಜನ.

ಇಂತಹ ಮರಳಿನ ದಿಣ್ಣೆಯ ಮೇಲೆ ಮನುಷ್ಯರು ಬದುಕುವುದು ಹೇಗೆಂಬುದು ಸೋಜಿಗದ ಸಂಗತಿ. ಬಿದ್ದ ಮಳೆಯ ನೀರು ಮರಳಿನೊಳಗೆ ಇಂಗಿ ಕೆಳಗಿಳಿಯುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ. ಆದುದರಿಂದ ಅದು ಉಪ್ಪುನೀರಿನೊಡನೆ ಒಮ್ಮೆಲೇ ಬೆರೆಯದೆ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ನಡುವೆ ದಪ್ಪವಾಗಿ, ಅಂಚಿನಲ್ಲಿ ತೆಳುವಾಗಿರುವ ಇದರ ಆಕಾರ ಕನ್ನಡಕದ ಉಬ್ಬುಮಸೂರದಂತಿರುತ್ತದೆ. ಮೇಲುಮಟ್ಟವು ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರವಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಲ್ಲಬಲ್ಲದೆಂದು ಲೆಕ್ಕ. ಈ ಲೆಕ್ಕದ ಇನ್ನೊಂದು ಮುಖವನ್ನು ಪ್ರವಾಸಿಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಂಪು ಹಾಕಿ ನೀರೆತ್ತಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ಕೊಡದಲ್ಲಿ ಸೇದಿ ಬಳಸುವವರೆಗೆ ಬಾವಿ ಸಿಹಿಯಾಗಿಯೇ ಉಳಿಯುತ್ತದೆ. ದಿನಕ್ಕೆರಡು ಬಾರಿ ತಲೆಯ ಮೇಲೆ ನೀರು ಸುರಿದುಕೊಳ್ಳುವ ಅತಿಥಿಗಳು ತುಂಬಿದಾಗ ಅದು ಉಪ್ಪಾಗುತ್ತದೆ. ಮರಳು ಏನನ್ನೂ ತಡೆಯದಾದ್ದರಿಂದ ಶೌಚಗುಂಡಿಯ ಕೊಳೆಯೂ ಹತ್ತಿರದ ಬಾವಿಯನ್ನು ಸುಲಭವಾಗಿ ಸೇರುತ್ತದೆ.

ಈ ಕೊರತೆಯನ್ನು ನೀಗಲು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರವನ್ನು ಕಟ್ಟಿತು. ಅದು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಮೇಲ್ಭಾಗದ ಸುಮಾರು 28 ಡಿಗ್ರಿ ಉಷ್ಣತೆಯ ನೀರನ್ನು ಗಾಳಿ ತೆಗೆದ ಕೋಣೆಯೊಳಗೆ ಬಿಟ್ಟರೆ, ಒತ್ತಡ ಕಡಿಮೆಯಾದ್ದರಿಂದ ಅದರ ಒಂದಂಶ ಆವಿಯಾಗುತ್ತದೆ. 350 ಮೀಟರ್ ಆಳದಿಂದ ಕೊಳವೆಯ ಮೂಲಕ ತಂದ ತಣ್ಣೀರಿನಿಂದ ಈ ಆವಿಯನ್ನು ತಂಪುಗೊಳಿಸಿದಾಗ ಶುದ್ಧವಾದ ನೀರು ಇಳಿಯುತ್ತದೆ. ದಡದ ಪಕ್ಕದಲ್ಲೇ ಅಷ್ಟು ಆಳ ಸಿಕ್ಕುವುದು ಮುಳುಗಿದ ಬೆಟ್ಟದ ಕಡಿದಾದ ಇಳಿಜಾರಿನಿಂದಾಗಿ. ಬಾವಿಯನ್ನು ಬಡವಾಗಿಸಿದ ಹುಟ್ಟೇ ಇಲ್ಲಿ ಸಹಾಯಕ್ಕೆ ಬಂದಿದೆ.

ಲಕ್ಷದ್ವೀಪಕ್ಕೂ ಕನ್ನಡ ಕರಾವಳಿಗೂ ಹಳೆಯ ನಂಟುಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಅಧಿಕಾರಿಗಳ ಕಾಟವನ್ನು ತಾಳಲಾರದೆ ಅಮೀನಿ ದ್ವೀಪದವರು ಟಿಪ್ಪು ಸುಲ್ತಾನನ ಆಶ್ರಯವನ್ನು ಬೇಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮಂಗಳೂರಿನಿಂದ ಆಡಳಿತವನ್ನು ಕಂಡವು. 1956ರ ನವೆಂಬರ್ 1ರವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ನಾರಿನ ಹುರಿ, ತೆಂಗಿನಕಾಯಿ, ಬೆಲ್ಲಗಳನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ತೆಂಗಲ್ಲದೆ ಬೇರೇನನ್ನೂ ಹೇಳಿಕೊಳ್ಳುವಷ್ಟು ಬೆಳೆಯದ ನೆಲಕ್ಕೆ ಅನ್ನವು ಸಮುದ್ರವನ್ನು ದಾಟಿಯೇ ಬರಬೇಕು. ಈಗಲೂ ದಿನಸಿ, ಕಟ್ಟಡದ ಸಾಮಾನು ಹೇರಿಕೊಂಡ ಮಂಜಿಗಳು ಮಂಗಳೂರಿನ ಹಳೆಯ ಬಂದರಿನಿಂದ ಅಲ್ಲಿಗೆ ಹೋಗುವುದುಂಟು. ಪ್ರವಾಸಿಗನ ತಟ್ಟೆಗೆ ಬೀಳುವ ಅನ್ನವೂ ಆ ಹಾದಿಯಲ್ಲಿಯೇ ಬಂದುದು.

ಹವಳವನ್ನು ನೋಡಲೆಂದೇ ಲಕ್ಷದ್ವೀಪವನ್ನು ಆರಿಸುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಹವಳದ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ವಾಸಿಸುತ್ತದೆ. ಹವಳಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವುದು ಈ ಪಾಚಿಯೇ. ಸಮುದ್ರದ ನೀರು ವಾಡಿಕೆಯ ಬೇಸಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ಉಳಿದರೆ ಹವಳವು ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ತಂಪು ಬೇಗನೆ ಬಾರದಿದ್ದರೆ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿಕೊಂಡಿತು. ಒಮ್ಮೆ ಬೆಂದ ದಿಬ್ಬವು ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಬೇಸಗೆಗಳು ಅಷ್ಟು ಬಿಡುವು ಕೊಡುತ್ತಿಲ್ಲ. ಇದು ಕೇವಲ ನೋಟದ ನಷ್ಟವಲ್ಲ. ತೆರೆಯ ಹೊಡೆತವನ್ನು ತಡೆದು ದ್ವೀಪವನ್ನು ಕಾಯುವ ಗೋಡೆಯೂ, ಸವೆದ ದಂಡೆಗೆ ಹೊಸ ಮರಳನ್ನು ಒದಗಿಸುವ ಕಣಜವೂ ಈ ದಿಬ್ಬವೇ ಆಗಿದೆ. ಅಳಿದುಳಿದ ಹವಳದ ಮೇಲೆ ಕಾಲಿಟ್ಟು ನಿಲ್ಲುವುದು, ನೆನಪಿಗೆಂದು ತುಂಡನ್ನು ಮುರಿದುಕೊಳ್ಳುವುದು ಇವು ಆ ಗೋಡೆಯ ಕಲ್ಲನ್ನು ಕೀಳುವ ಕೆಲಸಗಳು. ಹವಳವನ್ನು ಕೊಂಡೊಯ್ಯುವುದು ಕಾನೂನಿನಂತೆ ಅಪರಾಧವೂ ಹೌದು.

ಹಾಗಾದರೆ ಕಾಡು, ನೀರು, ವಿಸ್ತಾರ ಎಲ್ಲವೂ ಇರುವ ಅಂಡಮಾನನ್ನೇ ನಿಶ್ಚಿಂತೆಯಿಂದ ಆರಿಸಬಹುದಲ್ಲ ಎನಿಸಬಹುದು. ರಾಜಧಾನಿಯಾದ ಶ್ರೀ ವಿಜಯಪುರಂ (2024ರವರೆಗೆ ಇದರ ಹೆಸರು ಪೋರ್ಟ್ ಬ್ಲೇರ್), 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲು, ಸ್ವರಾಜ್ ದ್ವೀಪ, ಶಹೀದ್ ದ್ವೀಪ ಇವು ಹೆಚ್ಚಿನವರು ನೋಡುವ ಸ್ಥಳಗಳು. ಇಲ್ಲಿಗೆ ಭಾರತೀಯರು ಅಡ್ಡಿಯಿಲ್ಲದೆ ಹೋಗಬಹುದು. ಆದರೆ ಅಲ್ಲಿ ನಮಗಿಂತ ಸಾವಿರಾರು ವರ್ಷ ಮೊದಲೇ ಬಂದು ನೆಲೆಸಿದ ಜನರಿದ್ದಾರೆ. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತನ್ನು ಸ್ಥಾಪಿಸಿದಾಗ ಗ್ರೇಟ್ ಅಂಡಮಾನೀಯರು ಸಾವಿರಾರು ಮಂದಿ ಇದ್ದರು. ಹೊರಗಿನವರೊಂದಿಗೆ ಬಂದ ದಡಾರ ಮೊದಲಾದ ಬೇನೆಗಳನ್ನು ಎದುರಿಸುವ ಶಕ್ತಿ ಅವರ ಮೈಗೆ ಇರಲಿಲ್ಲ. 1877ರ ದಡಾರವೊಂದೇ ಬಹಳ ಮಂದಿಯನ್ನು ಬಲಿತೆಗೆದುಕೊಂಡಿತು. ಇಂದು ಉಳಿದವರು ಐವತ್ತರ ಆಸುಪಾಸಿನಲ್ಲಿದ್ದಾರೆ. ಆದುದರಿಂದಲೇ ಉತ್ತರ ಸೆಂಟಿನೆಲ್ ದ್ವೀಪವನ್ನು ಹೊರಗಿನವರು ಸಮೀಪಿಸಬಾರದೆಂದು ನಿಷೇಧವಿದೆ. ಜಾರವಾ ಜನರ ಕಾಡನ್ನು ಹಾದುಹೋಗುವ ಹೆದ್ದಾರಿಯಲ್ಲಿ ವಾಹನಗಳು ಸಾಲಾಗಿ, ಎಲ್ಲಿಯೂ ನಿಲ್ಲದೆ ಸಾಗಬೇಕು. ಅವರ ಚಿತ್ರವನ್ನು ತೆಗೆಯಕೂಡದು. ನಿಕೋಬಾರ್ ದ್ವೀಪಗಳು ಸಾಮಾನ್ಯ ಪ್ರವಾಸಿಗರಿಗೆ ತೆರೆದಿಲ್ಲ. ಆಯ್ಕೆಯ ಪಟ್ಟಿಯಿಂದ ಈ ದ್ವೀಪಗಳ ಹೆಸರನ್ನು ಮೊದಲೇ ಹೊಡೆದುಹಾಕುವುದು ಒಳ್ಳೆಯದು. ಕುತೂಹಲವೆಂಬುದು ಒಬ್ಬರ ಮನೆಗೆ ಕೇಳದೆ ನುಗ್ಗಲು ಸಾಲುವ ಕಾರಣವಲ್ಲ.

ಇನ್ನು ಕಾಲದ ವಿಚಾರ. ಅಂಡಮಾನಿಗೆ ನೈಋತ್ಯ, ಈಶಾನ್ಯ ಮಾರುತಗಳೆರಡೂ ಮಳೆ ತರುವುದರಿಂದ ಮೇ ತಿಂಗಳಿಂದ ಡಿಸೆಂಬರಿನವರೆಗೆ ಆಗಾಗ ಮಳೆಯಿರುತ್ತದೆ. ಜನವರಿಯಿಂದ ಏಪ್ರಿಲಿನವರೆಗೆ ಸಮುದ್ರ ಶಾಂತ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗುಗಳೂ ಅಗತ್ತಿಗೆ ವಿಮಾನವೂ ಉಂಟು. ಪ್ರವೇಶಕ್ಕೆ ಮೊದಲೇ ಪರವಾನಗಿ ಪಡೆಯಬೇಕು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲು ಒರಟಾಗಿರುವುದರಿಂದ ಹಡಗಿನ ಪ್ರವಾಸಗಳು ನಿಂತಿರುತ್ತವೆ. ಶಾಲೆಗಳ ಬೇಸಗೆ ರಜೆ ಇದಕ್ಕೆ ತೀರ ಅಂಚಿನಲ್ಲಿ ಬರುತ್ತದೆ.

ಇಷ್ಟು ದೂರದ ಪಯಣಕ್ಕೆ ಹಣವಾಗಲಿ ಸಮಯವಾಗಲಿ ಇಲ್ಲದವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಿವೆ. ಇವೂ ಉಷ್ಣವಲಯದವೇ, ತೆಂಗೂ ಚಿಪ್ಪಿನ ದಂಡೆಯೂ ಇಲ್ಲುಂಟು. ಆದರೆ ಇವು ಹವಳದಿಂದಾದುವಲ್ಲ, ಮುಳುಗಿದ ಪರ್ವತವೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿಬಂದ ಶಿಲಾರಸವು ತಣಿದು ಕುಗ್ಗುವಾಗ ಸೀಳಿ, ಯಾರೋ ಕಡೆದು ನಿಲ್ಲಿಸಿದಂತೆ ತೋರುವ ಬಹುಮುಖದ ಕಂಬಗಳಾಗಿವೆ. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ನೋಡಲು ಅರ್ಧ ದಿನ ಸಾಕು. ಮಳೆಗಾಲದಲ್ಲಿ ದೋಣಿಗಳು ಹೊರಡುವುದಿಲ್ಲ. ಅಲ್ಲಿ ಊರಾಗಲಿ ಮನೆಯಾಗಲಿ ಇಲ್ಲ. ಬೆಳಿಗ್ಗೆ ಹೋದವರು ಸಂಜೆಯೊಳಗೆ ದಡಕ್ಕೆ ಮರಳುತ್ತಾರೆ. ಕುಡಿಯುವ ನೀರನ್ನು ಜೊತೆಯಲ್ಲಿಯೇ ಒಯ್ಯುವುದು ಲೇಸು.