ಗಡಂಗಿನಿಂದ ಗಡಂಗಿಗೆ

ಜಪಾನಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ರಜೆಯ ಮೇಲೆ ಬಂದಾಗ ನನ್ನನ್ನು ಕಾಣಲು ತರೀಕೆರೆಯವರೆಗೂ ಬಂದಿದ್ದ. ಮಾತಿನ ನಡುವೆ, ಗುರುಗಳ ಮುಂದೆ ಹೇಳಬಹುದೋ ಬಾರದೋ ಎಂಬ ಅಳುಕಿನಿಂದಲೇ, ತಾನು ಅಲ್ಲಿ ಕಳೆದ ಒಂದು ರಜಾದಿನದ ವೃತ್ತಾಂತವನ್ನು ಹೇಳಿದ. ಕಿಟಾಕ್ಯೂಶು ಎಂಬುದು ಕಡಲ ದಂಡೆಯ ಒಂದು ನಗರ. 1963ರಲ್ಲಿ ಐದು ಊರುಗಳನ್ನು ಕೂಡಿಸಿ ಮಾಡಿದ್ದು. ಗೆಳೆಯರಿಬ್ಬರೊಡನೆ ಬೆಳಿಗ್ಗೆ ರೈಲಿನಲ್ಲಿ ಅಲ್ಲಿಗೆ ಹೋಗಿ, ಸಂಜೆಯವರೆಗೆ ಒಂದು ಪಾನಗೃಹದಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದಾಡಿ, ಪ್ರತಿಯೊಂದರಲ್ಲೂ ಒಂದೇ ಲೋಟ ಕುಡಿದು, ಏನಾದರೊಂದು ತಿಂದು, ಅಂಗಡಿಯವರೊಡನೆ ಎರಡು ಮಾತಾಡಿ, ಕಡಲನ್ನು ನೋಡಿ, ಕತ್ತಲಾಗುವ ಮೊದಲೇ ಮರಳಿದನಂತೆ. ಇದಕ್ಕೆ ಆ ಭಾಷೆಯಲ್ಲಿ ಹೆಸರೇ ಇದೆ. ಅಂಗಡಿಯಿಂದ ಅಂಗಡಿಗೆ ಹೋಗುವುದು 'ಹಶಿಗೊ', ಅಂದರೆ ಏಣಿ. ಒಂದೊಂದು ಮೆಟ್ಟಿಲು ಹತ್ತಿದ ಹಾಗೆ. ಹಗಲಿನಲ್ಲಿ ಕುಡಿಯುವುದು 'ಹಿರುನೊಮಿ'.

ಆ ಊರಿನಲ್ಲಿ 'ಕಾಕುಉಚಿ' ಎಂಬ ಇನ್ನೊಂದು ಪದ್ಧತಿ ಪ್ರಸಿದ್ಧವಂತೆ. ಮದ್ಯ ಮಾರುವ ಅಂಗಡಿಯಲ್ಲಿಯೇ, ಅಂಗಡಿಯ ಬೆಲೆಗೇ ಕೊಂಡು, ಅಲ್ಲೇ ಮೂಲೆಯಲ್ಲಿ ನಿಂತು ಕುಡಿದು ಹೋಗುವುದು. ಕಾರಣ ಸ್ವಾರಸ್ಯವಾಗಿದೆ. ಅಲ್ಲಿನ ಯವಾತಾ ಎಂಬಲ್ಲಿ 1901ರಲ್ಲಿ ಉಕ್ಕಿನ ಕಾರ್ಖಾನೆ ಆರಂಭವಾಯಿತು. ಕುಲುಮೆಯನ್ನು ಆರಿಸುವಂತಿಲ್ಲ, ಆದುದರಿಂದ ಕೆಲಸ ಪಾಳಿಯ ಮೇಲೆ. ರಾತ್ರಿ ಪಾಳಿ ಮುಗಿಸಿದವನಿಗೆ ಬೆಳಗಿನ ಎಂಟು ಗಂಟೆಯೇ ಸಾಯಂಕಾಲ. ಅವನು ಒಂದು ಲೋಟ ಅಕ್ಕಿಯ ಮದ್ಯ ಕುಡಿದು, ಜೊತೆಗಾರರೊಡನೆ ಹರಟಿ, ಮನೆಗೆ ಹೋಗಿ ಮಲಗುತ್ತಾನೆ. ಹೀಗೆ ಬಂದ ರೂಢಿ ಈಗ ಪ್ರವಾಸಿಗರಿಗೂ ಪ್ರಿಯವಾಗಿದೆ.

ಹುಡುಗ ಇದನ್ನು ನಗುನಗುತ್ತಾ ಹೇಳುತ್ತಿದ್ದರೆ ನನಗೆ ನಗು ಬರಲಿಲ್ಲ. ಪಾಳಿ ಕೆಲಸದವರು ನಮ್ಮ ಸೀಮೆಗೆ ಹೊಸಬರಲ್ಲ. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದ ಕಾಲದಿಂದ ಈ ಸುತ್ತಿನ ಮನೆಮನೆಗಳಲ್ಲಿ ಪಾಳಿಯ ಲೆಕ್ಕ ಗೊತ್ತು. ನನ್ನ ಸೋದರಮಾವನೂ ಒಂದು ಕಾರ್ಖಾನೆಯಲ್ಲಿ ಪಾಳಿಯ ನೌಕರ. ಸಂಬಳದ ದಿನ ಅತ್ತೆ ನನ್ನನ್ನು ಕರೆದುಕೊಂಡು ಸಾರಾಯಿ ಅಂಗಡಿಯ ಬೀದಿಯವರೆಗೆ ಬರುತ್ತಿದ್ದರು. ತಾವು ಬೇವಿನ ಮರದ ಬುಡದಲ್ಲಿ ನಿಂತು, "ಒಳಗೆ ಹೋಗಿ ಮಾವನನ್ನು ಕರೆದುಕೊಂಡು ಬಾ" ಎನ್ನುತ್ತಿದ್ದರು. ಬಾಗಿಲಿಗೆ ಗೋಣಿಯ ಪರದೆ. ಒಳಗೆ ಹಗಲಿನಲ್ಲೂ ಕತ್ತಲೆ. ಮಾವ ಗೋಡೆಗೆ ಮುಖ ಮಾಡಿ ನಿಂತು, ಲೋಟವನ್ನು ಒಂದೇ ಉಸಿರಿಗೆ ಬರಿದು ಮಾಡಿ, ನಾಲಿಗೆಯ ಮೇಲೆ ಒಂದು ಚಿಟಿಕೆ ಉಪ್ಪಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಬರುತ್ತಿದ್ದ. ನಾನು ಎಂ.ಎ. ಮೊದಲ ವರ್ಷದಲ್ಲಿದ್ದಾಗ ಅವನು ತೀರಿಕೊಂಡ. ಆಗ ಅವನ ವಯಸ್ಸು ನಲವತ್ತನಾಲ್ಕು. ಅಂದಿನಿಂದ ನಮ್ಮ ಮನೆಯಲ್ಲಿ ಆ ಪದಾರ್ಥದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಇದರ ಪರಿಣಾಮ ನನ್ನ ಪಾಠದ ಮೇಲೂ ಆಯಿತೆಂದು ಇಂದು ಒಪ್ಪಿಕೊಳ್ಳಬೇಕು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪಾನಗೋಷ್ಠಿಯೂ ಒಂದೆಂಬುದು ನಿಮಗೆ ಗೊತ್ತು. ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ಅದನ್ನು ಬಿಟ್ಟವರಲ್ಲ. ನಾನು ಮಾತ್ರ ಮೂವತ್ತು ವರ್ಷವೂ ಆ ಭಾಗ ಬಂದೊಡನೆ "ಇವುಗಳನ್ನು ನೀವೇ ಓದಿಕೊಳ್ಳಿ" ಎಂದು ಪುಟ ಮಗುಚುತ್ತಿದ್ದೆ. ಚಂದ್ರೋದಯವಾಗಬೇಕು, ಚಷಕಗಳು ತುಂಬಬೇಕು, ಹತ್ತಾರು ಜನ ಕೂಡಿ ಹಾಡಿ ನಗಬೇಕು. ಕವಿಗಳು ಬರೆದ ಆ ಗೋಷ್ಠಿಗೂ ಗೋಡೆಗೆ ಮುಖ ಮಾಡಿ ನಿಂತ ನನ್ನ ಮಾವನಿಗೂ ಸಂಬಂಧ ಕಲ್ಪಿಸುವುದು ನನ್ನಿಂದಾಗಲಿಲ್ಲ. ಗೋಷ್ಠಿ ಎಂಬ ಶಬ್ದವನ್ನೇ ನೋಡಿ, ಕೂಟವಿಲ್ಲದೆ ಗೋಷ್ಠಿಯಿಲ್ಲ.

ಜಪಾನಿನ ಈ ಸಂಗತಿಯನ್ನು ನಾನು ನನ್ನೊಡನೆ ಇತಿಹಾಸ ಕಲಿಸುತ್ತಿದ್ದ ಮಿತ್ರರಿಗೆ ಹೇಳಿದೆ. ಅವರು ಮೂಲತಃ ಮಂಗಳೂರಿನ ಕಡೆಯವರು. ಅವರ ತಂದೆ ಮೂರ್ತೆದಾರರು, ಅಂದರೆ ಮರ ಹತ್ತಿ ಕಳ್ಳು ಇಳಿಸುವವರು. "ಅದಕ್ಕೆ ಜಪಾನ್ ಯಾಕೆ ಮಾರಾಯ್ರೇ? ನಮ್ಮ ಊರಿಗೆ ಬನ್ನಿ. ಬೆಳಿಗ್ಗೆ ಹೋಗಿ ರಾತ್ರಿ ಬರುವ. ಆದರೆ ಒಂದು ಮಾತು, ಬೇಗ ಹೊರಡಬೇಕು. ಕಳ್ಳು ನಮಗಾಗಿ ಕಾಯುವುದಿಲ್ಲ" ಎಂದರು. ಅರವತ್ತು ದಾಟಿದ ಮೇಲೆ ಇದೇನು ಎಂದು ಮನಸ್ಸು ಹಿಂಜರಿಯಿತು, ಆದರೂ ಒಪ್ಪಿದೆ. ಅವರ ಮಗ ಕಾರು ನಡೆಸಿದ. ಆ ದಿನವೆಲ್ಲ ಅವನು ಎಳನೀರಿನ ಹೊರತು ಬೇರೇನನ್ನೂ ಮುಟ್ಟಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಳಗಿನ ಜಾವ ಮೂರಕ್ಕೆ ತರೀಕೆರೆ ಬಿಟ್ಟು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಯನ್ನಿಳಿಯುವ ಹೊತ್ತಿಗೆ ಬೆಳಕು ಹರಿಯಿತು.

'ಕಳ್ಳು ಕಾಯುವುದಿಲ್ಲ' ಎಂಬ ಮಾತಿನ ಅರ್ಥವನ್ನು ಮಿತ್ರರು ಘಾಟಿಯ ತಿರುವುಗಳಲ್ಲಿ ವಿವರಿಸಿದರು. ಈ ಪ್ರಸಂಗದ ತಿರುಳೇ ಅದು. ತೆಂಗಿನ ಹೊಂಬಾಳೆ ಬಿಚ್ಚುವ ಮೊದಲೇ ಅದನ್ನು ಬಿಗಿದು ಕಟ್ಟಿ, ದಿನಗಟ್ಟಲೆ ಮೂಳೆಯಿಂದಲೋ ಮರದ ತುಂಡಿನಿಂದಲೋ ಹದವಾಗಿ ತಟ್ಟಿ, ತುದಿಯನ್ನು ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಸವರುತ್ತಾರೆ. ರಸ ತೊಟ್ಟಿಕ್ಕಲು ತೊಡಗಿದ ಮೇಲೆ ಮಡಕೆ ಕಟ್ಟುತ್ತಾರೆ. ಗಾಯ ಆರದಂತೆ ದಿನಕ್ಕೆ ಎರಡು ಮೂರು ಬಾರಿ ಮರ ಹತ್ತಿ ಸವರಬೇಕು. ಮಳೆಯಾಗಲಿ, ಹಬ್ಬವಾಗಲಿ, ತಪ್ಪುವಂತಿಲ್ಲ. ಮರದಿಂದ ತೊಟ್ಟಿಕ್ಕುವಾಗ ಅದು ಬರಿಯ ಸಿಹಿ ರಸ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಉಳಿಯುತ್ತದೆ. ಅದು ನೀರಾ, ಕಾಯಿಸಿದರೆ ಬೆಲ್ಲ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ, ಮಡಕೆಯಲ್ಲಿ ಮೊದಲೇ ಮನೆಮಾಡಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿಸುವ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಆಗಲೂ ಅದರಲ್ಲಿರುವುದು ನೂರಕ್ಕೆ 4–5 ಪಾಲಿನಷ್ಟು ಮಾತ್ರ. ಜಪಾನಿನ ಅಕ್ಕಿಯ ಮದ್ಯದಲ್ಲಿ 15ರ ಆಸುಪಾಸು. ಭಟ್ಟಿ ಇಳಿಸಿದ ಸಾರಾಯಿಯಲ್ಲಿ 30ಕ್ಕೂ ಮೇಲೆ. ಮರುದಿನಕ್ಕೆ ಇಟ್ಟರೆ ಕಳ್ಳು ಹುಳಿಯುತ್ತದೆ. ಇನ್ನೂ ಇಟ್ಟರೆ ಅಡುಗೆಮನೆಯ ವಿನೆಗರ್.

ಆದುದರಿಂದ ಕಳ್ಳು ಸ್ವಭಾವತಃ ಹಗಲಿನ ಪಾನೀಯ. ಅದನ್ನು ಶೀಷೆಯಲ್ಲಿ ತುಂಬಿ ನೂರಾರು ಮೈಲಿ ಕಳಿಸುವಂತಿಲ್ಲ, ಕಪಾಟಿನಲ್ಲಿ ಬಚ್ಚಿಡುವಂತಿಲ್ಲ. ಮರ ಎಲ್ಲಿದೆಯೋ ಅಲ್ಲಿಗೆ, ಇಳಿಸಿದ ಹೊತ್ತಿಗೆ, ನಾವೇ ಹೋಗಬೇಕು. ಬೆಳಗಿನದು ಸಿಹಿ, ಮಧ್ಯಾಹ್ನದ್ದು ಹದ, ಸಂಜೆಯದು ಹುಳಿ. ಹಗಲೆಲ್ಲ ಗಡಂಗಿನಿಂದ ಗಡಂಗಿಗೆ ಹೋದರೆ ಒಂದೇ ರಸದ ಮೂರು ವಯಸ್ಸನ್ನು ನೋಡಿದ ಹಾಗೆ. ಕಳ್ಳಿನಂಗಡಿಗೆ ಆ ಸೀಮೆಯಲ್ಲಿ ಗಡಂಗು ಎನ್ನುತ್ತಾರೆ; ಕಳ್ಳಿಗೆ ತುಳುವಿನಲ್ಲಿ 'ಕಲಿ' ಎಂದು ಹೆಸರು.

ಮೊದಲ ಗಡಂಗು ನೇತ್ರಾವತಿಯ ದಂಡೆಗೆ ಹತ್ತಿರದಲ್ಲಿತ್ತು. ಹಂಚಿನ ಮಾಡು, ನಾಲ್ಕು ಬೆಂಚು, ತೆರೆದ ಜಗಲಿ. ನಾನು ಬಾಗಿಲಲ್ಲಿ ಒಂದು ಕ್ಷಣ ನಿಂತೆ, ಪರದೆ ಇರಲಿಲ್ಲ. ಒಳಗೆ ಕುಳಿತವರು ತಲೆಯೆತ್ತಿ ನೋಡಿ, ಜರುಗಿ ಜಾಗ ಕೊಟ್ಟರು. ಅರ್ಧ ಲೋಟ ತೆಗೆದುಕೊಂಡೆ. ಎಳನೀರಿಗೆ ಒಂದಿಷ್ಟು ಹುಳಿ, ಒಂದಿಷ್ಟು ದೋಸೆಹಿಟ್ಟಿನ ವಾಸನೆ ಕೂಡಿದ ರುಚಿ. ಇದಕ್ಕಾಗಿಯೇ ಇಷ್ಟೆಲ್ಲ ರಂಪವೇ ಎನಿಸಿತು. ಎರಡನೆಯದು ಉಳ್ಳಾಲದ ಕಡೆ, ತೆಂಗಿನ ತೋಟದ ನಡುವೆ. ಅಲ್ಲಿ ಊಟದ ಹೊತ್ತು. ಮರುವಾಯಿ, ಬಂಗುಡೆ ಎಂದು ಎಲ್ಲರ ಎಲೆಯ ಮುಂದೆಯೂ ಕಡಲೇ ಬಂದು ಕುಳಿತಿತ್ತು; ಮೀನು ತಿನ್ನದ ನನಗೆ ಬೇಯಿಸಿದ ಕಡಲೆ ದೊರೆಯಿತು. ಒಂದು ಮೂಲೆಯಲ್ಲಿ ಗಂಡಹೆಂಡಿರಿಬ್ಬರು ಎದುರುಬದುರು ಕುಳಿತು, ಮಗಳ ಶಾಲೆಯ ಶುಲ್ಕದ ವಿಚಾರ ಮಾತಾಡುತ್ತಾ ಉಣ್ಣುತ್ತಿದ್ದರು.

ತಲಪಾಡಿ ದಾಟಿದರೆ ಕೇರಳದ ಮಂಜೇಶ್ವರ. ಕನ್ನಡ ಮೇಷ್ಟರಾಗಿ ಅಲ್ಲಿಗೆ ಹೋಗಿ ಗೋವಿಂದ ಪೈಗಳನ್ನು ನೆನೆಯದೆ ಬರುವುದುಂಟೆ? ಮೊದಲು ಅವರ ಮನೆಯ ಕಡೆ ಹೋಗಿ ಕೈಮುಗಿದು, ಆಮೇಲೆ ಮೂರನೆಯ ಅಂಗಡಿಗೆ ಹೋದೆವು. ಕಪ್ಪು ಹಲಗೆಯ ಮೇಲೆ ಬಿಳಿಯ ಮಲಯಾಳ ಅಕ್ಷರದಲ್ಲಿ ಒಂದೇ ಪದ. ಮಿತ್ರರು ಓದಿ ಹೇಳಿದರು: 'ಕಳ್ಳ್'. ತಮಿಳಿನ ಕಳ್, ನಮ್ಮ ಕಳ್ಳು, ಎಲ್ಲವೂ ಒಂದೇ ಮೂಲದವು. ಹಳಗನ್ನಡದಲ್ಲಿ ಕದಿಯುವುದಕ್ಕೂ 'ಕಳ್' ಎಂಬುದೇ ಧಾತು. ಎರಡು ಪದಗಳೂ ಬೇರೆಬೇರೆ ಎಂದು ನಿಘಂಟುಕಾರರು ಎಷ್ಟೇ ವಿಂಗಡಿಸಿದರೂ, ನಮ್ಮ ಬಯಲುಸೀಮೆಯ ಜನ ಕಳ್ಳನಂತೆಯೇ ಕುಡಿಯುವುದನ್ನು ಕಲಿತರು. ಅಲ್ಲಿ ಮರಗೆಣಸು ತಿಂದೆ. ಹುಳಿಯೇರಿದ ಆ ಸಂಜೆಯ ಕಳ್ಳು ನನಗೆ ಹಿಡಿಸಲಿಲ್ಲ. ಎರಡು ಗುಟುಕಿಗೆ ಲೋಟ ಕೆಳಗಿಟ್ಟೆ.

ಕಳ್ಳನ್ನು ಕೊಂಡಾಡುತ್ತಿದ್ದೇನೆಂದು ಭಾವಿಸಬೇಡಿ. ಮಿತ್ರರೇ ನನ್ನ ಉತ್ಸಾಹಕ್ಕೆ ತಡೆ ಹಾಕಿದರು. ಅವರ ತಂದೆ ಜೀವಮಾನವೆಲ್ಲ ಕಳ್ಳಿಳಿಸಿದರು. ಒಂದು ತೊಟ್ಟು ಕುಡಿದವರಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳನ್ನು ಇಳಿಸಲೂ ಬಾರದು, ಮಾರಲೂ ಬಾರದು, ಕುಡಿಯಲೂ ಬಾರದು ಎಂದು ಬೋಧಿಸಿದವರು. ಆ ಗುರುವಿನ ಚಿತ್ರದ ಕೆಳಗೆ ದೀಪ ಹಚ್ಚಿ, ಕಾಲಿಗೆ ತಳೆ ಹಾಕಿಕೊಂಡು ತಂದೆ ಮರ ಹತ್ತಲು ಹೋಗುತ್ತಿದ್ದರಂತೆ. ಮಕ್ಕಳನ್ನು ಓದಿಸಬೇಕಲ್ಲ! ಮರವನ್ನು ತಬ್ಬಿ ತಬ್ಬಿ ಅವರ ಎದೆಯ ಚರ್ಮ ತೊಗಲಿನಂತೆ ಗಟ್ಟಿಯಾಗಿತ್ತು. ಒಮ್ಮೆ ಬಿದ್ದು ಸೊಂಟ ಮುರಿದ ಮೇಲೆ ಮತ್ತೆ ಹತ್ತಲಿಲ್ಲ. ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಮರ ಕೊಡುವುದು ಇಷ್ಟೇ ಎಂಬ ಮಿತಿಯನ್ನು ಬೇಡಿಕೆ ಮೀರಿದ ಕಡೆಯಲ್ಲೆಲ್ಲ ನೀರು, ಸ್ಯಾಕರಿನ್, ಕೊನೆಗೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದನ್ನೂ ಬೆರೆಸಿ ಕಳ್ಳೆಂದು ಮಾರಿದ್ದಾರೆ. ಅದು ಕಳ್ಳಲ್ಲ, ವಿಷ.

ನಮ್ಮ ಸೀಮೆಯಲ್ಲಿಯೂ ಮರಗಳಿಗೆ ಕೊರತೆಯಿರಲಿಲ್ಲ. ಪೂರ್ವಕ್ಕೆ ಅಜ್ಜಂಪುರದ ಕಡೆ ಈಚಲು, ಪಶ್ಚಿಮದ ಕಾಡಿನಲ್ಲಿ ಬಗನಿ. ಈಚಲ ಹೆಂಡದ ಜಗತ್ತನ್ನು ರಾಜರತ್ನಂ ಅವರ ರತ್ನ ಕನ್ನಡಿಗರೆಲ್ಲರಿಗೂ ಪರಿಚಯಿಸಿದ; ಹೆಂಡ ಮುಟ್ಟದ ಕವಿ ಅದನ್ನು ಬರೆದರೆಂಬುದು ಒಂದು ಸೋಜಿಗ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ಆದರೆ ರಾಷ್ಟ್ರೀಯ ಚಳವಳಿಯ ಕಾಲಕ್ಕೆ ಈಚಲು ಮರವೇ ಶತ್ರುವಾಯಿತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹವೇ ನಡೆಯಿತು. ಅದರಲ್ಲಿ ಭಾಗಿಯಾಗಿದ್ದ ನಿಜಲಿಂಗಪ್ಪನವರೇ ಮುಖ್ಯಮಂತ್ರಿಯಾಗಿದ್ದ 1967ರಲ್ಲಿ ಮೈಸೂರು ರಾಜ್ಯದ ಪಾನನಿರೋಧ ತೆರವಾಯಿತು. ಆ ವೇಳೆಗೆ ಊಟದ ಜೊತೆಯ ಹೆಂಡ ಹಿಂದೆ ಸರಿದು ಸಾರಾಯಿ ಮುಂದೆ ಬಂದಿತ್ತು. ಸಾರಾಯಿಗೆ ಋತುವಿಲ್ಲ, ಹೊತ್ತಿಲ್ಲ, ಮರವಿಲ್ಲ. ಅದು ಎಷ್ಟು ದಿನವಾದರೂ ಕಾಯುತ್ತದೆ. ಸಂಬಳದ ದಿನಕ್ಕಾಗಿ ಕಾಯುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಜಾಗದಲ್ಲಿ ಈಗ ನಮ್ಮ ಊರುಗಳಲ್ಲಿರುವುದು ಕಪ್ಪು ಗಾಜಿನ ಬಾರುಗಳು. ಗೋಣಿಯ ಪರದೆ ಹೋಗಿ ಗಾಜು ಬಂತು. ಕತ್ತಲೆ ಹಾಗೆಯೇ ಉಳಿಯಿತು.

ನನ್ನ ಮಾವ ಕಳ್ಳಿನ ನಾಡಿನಲ್ಲಿ ಹುಟ್ಟಿದ್ದರೆ ಬದುಕುತ್ತಿದ್ದನೆಂದು ನಾನು ಹೇಳಲಾರೆ. ಅವನಿಗೆ ಬೇರೆ ದುಃಖಗಳೂ ಇದ್ದವು. ಯವಾತಾದ ಕೆಲಸಗಾರನಂತೆ ಅವನಿಗೂ ಪಾಳಿ ಮುಗಿದ ಮೇಲೆ ಲೋಟ ಕೆಳಗಿಟ್ಟು ಮಾತಾಡಲು ಒಬ್ಬ ಜೊತೆಗಾರ ಇರಬಹುದಾಗಿತ್ತು ಎಂದಷ್ಟೇ ಹಿಂದಿರುಗುವ ದಾರಿಯಲ್ಲಿ ಯೋಚಿಸಿದೆ.

ಮನೆ ಸೇರಿದಾಗ ರಾತ್ರಿ ಹತ್ತೂವರೆ. ಅತ್ತೆಗೆ ಈಗ ಎಂಬತ್ತಾರು; ನಮ್ಮ ಮನೆಯಲ್ಲಿಯೇ ಇದ್ದಾರೆ. ನಿದ್ದೆ ಮಾಡಿರಲಿಲ್ಲ. ಮಂಗಳೂರಿನಿಂದ ಅವರಿಗಾಗಿ ಸನ್ನ ತಂದಿದ್ದೆ. ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಮಾಡುವ, ಇಡ್ಲಿಯಂಥ ತಿಂಡಿ. ಒಂದನ್ನು ಮುರಿದು ಬಾಯಿಗಿಟ್ಟು, "ಎಷ್ಟು ಮೆತ್ತಗಿದೆ! ಏನು ಹಾಕಿ ಉಬ್ಬಿಸುತ್ತಾರೋ?" ಎಂದರು. ಸುಳ್ಳು ಹೇಳಬಹುದಾಗಿತ್ತು; ಹೇಳಲಿಲ್ಲ. "ಕಳ್ಳು ಹಾಕುತ್ತಾರೆ ಅತ್ತೆ" ಎಂದೆ. ಆ ದಿನ ಎಲ್ಲೆಲ್ಲಿಗೆ ಹೋಗಿದ್ದೆನೆಂಬುದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಚೂರನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲಿ ಹೆಂಗಸರೂ ಒಳಗೆ ಹೋಗಿ ಕೂರುತ್ತಾರೇನೋ?"

"ಒಂದು ಕಡೆ ಕಂಡೆ ಅತ್ತೆ" ಎಂದೆ.

ಉಳಿದ ಸನ್ನಗಳನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ನಾಳೆ ಬೆಳಿಗ್ಗೆ ಬಿಸಿ ಮಾಡಿ ಕೊಡಲು ಹೇಳು ಎಂದು ಮಲಗಲು ಹೋದರು.